ನಾಸ್ತಿಕರು ಜರ್ಮನಿಗೆ ಹೊರಟಾಗ: ಪೇಡೆ, ಫಾರ್ಮು, ಚರ್ಚು, ಭಾನುವಾರ

ಹುಬ್ಬಳ್ಳಿ-ಧಾರವಾಡದಿಂದ ಜರ್ಮನಿಗೆ ಓದಲು ಇಲ್ಲವೆ ದುಡಿಯಲು ಹೊರಟ ನಾಸ್ತಿಕರು ಒಂದು ಲೆಕ್ಕ ತಪ್ಪುತ್ತಾರೆ. ಅಲ್ಲಿ ಹೋದರೆ ದೇವರ ಕಾಟ ತಪ್ಪಿತು ಅಂದುಕೊಳ್ಳುತ್ತಾರೆ. ಕಾಟ ತಪ್ಪುವುದು ನಿಜ. ಆಫೀಸಿನಲ್ಲಿ ಯಾರೂ "ನಿಮ್ಮ ಪೈಕಿ ಯಾರು?" ಎಂದು ಬಳಸಿ ಬಳಸಿ ಕೇಳುವುದಿಲ್ಲ. ಆದರೆ ರಜೆ, ತೆರಿಗೆ, ಅಂಗಡಿಯ ಬಾಗಿಲು, ಗೋಪುರದ ಗಂಟೆ ಎಲ್ಲವೂ ಇನ್ನೂ ಚರ್ಚಿನ ಪಂಚಾಂಗದ ಪ್ರಕಾರವೇ ನಡೆಯುತ್ತವೆ. ನಂಬದಿದ್ದರೂ ಜಾತ್ರೆಯ ದಿನ ಯಾವ ರಸ್ತೆ ಬಂದ್ ಎಂದು ತಿಳಿದಿರಬೇಕಲ್ಲ, ಹಾಗೆ.

ಮೊದಲು ಬ್ಯಾಗು. ಹೊರಡುವ ವಾರ ಮನೆಯಲ್ಲಿ "ಸಿದ್ಧಾರೂಢರ ಮಠಕ್ಕ ಒಮ್ಮೆ ಹೋಗಿ ಬಾರಪಾ" ಅಂದರೆ ಹೋಗಿ ಬನ್ನಿ. ವಾದಕ್ಕೆ ಅದು ಹೊತ್ತಲ್ಲ. ತೊಡಕು ಇರುವುದು ಬಂದ ಮೇಲೆ ಬ್ಯಾಗಿಗೆ ಸೇರುವ ಪೊಟ್ಟಣಗಳಲ್ಲಿ. ವಿಭೂತಿ, ಕುಂಕುಮ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ಕರ್ಪೂರ ಮತ್ತು ಬೆಂಕಿಪೊಟ್ಟಣ ತೆಗೆದಿಡಿ: ಬೇಗ ಹೊತ್ತಿಕೊಳ್ಳುವ ಪದಾರ್ಥ, ವಿಮಾನಕ್ಕೆ ನಿಷಿದ್ಧ. ಒಣಕೊಬ್ಬರಿಗೂ ಅದೇ ಗತಿ, ಅದರ ಎಣ್ಣೆಯಂಶದಿಂದಾಗಿ. ಲೈನ್ ಬಜಾರಿನ ಪೇಡೆಯ ಡಬ್ಬಿ ವಿಮಾನ ಹತ್ತುತ್ತದೆ, ಆದರೆ ಇಳಿದ ಮೇಲೆ ಸಿಕ್ಕಿಬೀಳುತ್ತದೆ. ಹೊರದೇಶದ ಹಾಲು-ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಕಾಲುಬಾಯಿ ಬೇನೆಯಂಥ ದನದ ರೋಗ ಹರಡೀತೆಂಬ ಅಂಜಿಕೆ ಅವರಿಗೆ. "ಇದು ಪ್ರಸಾದ" ಎಂದರೆ ಕಸ್ಟಮ್ಸಿನವರು ಕರಗುವುದಿಲ್ಲ, ಕಸಿದು ನಾಶಮಾಡುತ್ತಾರೆ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದನ್ನೂ ಬಿಡಿ. ಆ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿ. ಹಾಲಿಲ್ಲ, ಮಾಂಸವಿಲ್ಲ, ತಕರಾರೂ ಇಲ್ಲ.

ಮನೆ ಸಿಕ್ಕ ಮೇಲಿನ ಮೊದಲ ಸರಕಾರಿ ಕೆಲಸ ವಿಳಾಸದ ನೋಂದಣಿ. ಅದಕ್ಕೆ ಆನ್ಮೆಲ್ಡುಂಗ್ ಅನ್ನುತ್ತಾರೆ. ವಾಸಕ್ಕೆ ಬಂದ ಎರಡು ವಾರದೊಳಗೆ ಮಾಡಬೇಕು. ಪಾಸ್‌ಪೋರ್ಟ್, ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ, ತುಂಬಿದ ಫಾರ್ಮು ಬೇಕು. ಬಾಡಿಗೆ ಕರಾರು ಒಂದನ್ನೇ ಒಯ್ದವರು ವಾಪಸ್ ಬರುತ್ತಾರೆ. ಮಾಲೀಕರ ಪತ್ರವೇ ಬೇರೆ. ದೊಡ್ಡ ಊರುಗಳಲ್ಲಿ ಸಮಯ ಮುಂಗಡ ಕಾದಿರಿಸುವುದು ಕಷ್ಟ, ಹಾಗಾಗಿ ಮನೆಯ ಮಾತಾದ ದಿನವೇ ಹುಡುಕಲು ಶುರು ಮಾಡಿ.

ಆ ಫಾರ್ಮಿನಲ್ಲಿ ಧರ್ಮದ ಕಾಲಂ ಒಂದಿದೆ. ನಮ್ಮವರು ಎಡವುವುದು ಇಲ್ಲೇ. ಶಾಲೆಯ ದಾಖಲೆಯಲ್ಲಿ ಜಾತಿ ಬರೆಸಿದ ಅಭ್ಯಾಸಕ್ಕೆ ಕೈ ತಾನೇ ಬರೆಯಲು ಹೊರಡುತ್ತದೆ. ಕಾಲಂ ಕೇಳುತ್ತಿರುವುದು ನಂಬಿಕೆಯನ್ನಲ್ಲ, ತೆರಿಗೆ ವಸೂಲಿಯ ಹಕ್ಕಿರುವ ಧಾರ್ಮಿಕ ಸಂಸ್ಥೆಯ ಸದಸ್ಯತ್ವವನ್ನು. ಹಿಂದೂ, ಲಿಂಗಾಯತ ಎಂದು ಬರೆದರೆ ತೆರಿಗೆ ಬೀಳುವುದಿಲ್ಲ, ಆದರೆ ಬರೆಯುವ ಅಗತ್ಯವೂ ಇಲ್ಲ. 'ಕೈನೆ', ಅಂದರೆ 'ಯಾವುದೂ ಇಲ್ಲ' ಎಂದು ಬರೆದರೆ ಮುಗಿಯಿತು.

ದೀಕ್ಷಾಸ್ನಾನ ಪಡೆದು ಆಮೇಲೆ ನಂಬಿಕೆ ಬಿಟ್ಟವರು ಮಾತ್ರ ಇಲ್ಲಿ ಹುಷಾರಾಗಿರಬೇಕು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂದಿತು. ಆ ಪರಂಪರೆಯ ಮನೆತನಗಳು ನಮ್ಮ ಊರುಗಳಲ್ಲಿವೆ. ಅಂಥ ಮನೆಯವರು ರೂಢಿಯಂತೆ ಪ್ರೊಟೆಸ್ಟೆಂಟ್ ಎಂದು ಬರೆದರೆ ಚರ್ಚ್ ತೆರಿಗೆ ಶುರುವಾಗಬಹುದು. ಬವೇರಿಯಾ ಮತ್ತು ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳಲ್ಲಿ ಇದು ಆದಾಯ ತೆರಿಗೆಯ ಶೇ. 8, ಉಳಿದೆಡೆ ಶೇ. 9. ಗಮನಿಸಿ, ಇದು ಸಂಬಳದ ಮೇಲಿನ ಲೆಕ್ಕವಲ್ಲ, ತೆರಿಗೆಯ ಮೇಲಿನ ತೆರಿಗೆ. ವರ್ಷಕ್ಕೆ 6,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ 480 ಇಲ್ಲವೆ 540 ಯೂರೋ. ಮೊದಲ ಸಂಬಳದ ಚೀಟಿಯಲ್ಲಿ 'ಕಿರ್ಶೆನ್‌ಸ್ಟೋಯರ್' (ಚರ್ಚ್ ತೆರಿಗೆ) ಎಂಬ ಸಾಲು ಹುಡುಕಿ, ಎದುರಿಗೆ ಅಂಕಿಯಿದ್ದರೆ ನೀವು ಸದಸ್ಯರೆಂದು ದಾಖಲಾಗಿದ್ದೀರಿ. ಬಿಡಬೇಕೆಂದರೆ ಪಾದ್ರಿಗೆ ಹೇಳಿ ಉಪಯೋಗವಿಲ್ಲ, ಸರಕಾರಿ ಕಚೇರಿಗೇ ಹೋಗಬೇಕು. ಕಲೋನ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾದಲ್ಲಿ ಸ್ಥಳೀಯ ನ್ಯಾಯಾಲಯದಲ್ಲಿ 30 ಯೂರೋ ಶುಲ್ಕ ಕಟ್ಟಿ ಹೊರಬರಬಹುದು. ಆಗ ಕೊಡುವ ಪ್ರಮಾಣಪತ್ರವನ್ನು ಜನ್ಮಪೂರ್ತಿ ಇಟ್ಟುಕೊಳ್ಳಿ; ಊರು ಬದಲಿಸಿದಾಗ ಕೇಳಬಹುದು.

ಚರ್ಚುಗಳನ್ನು ನೋಡದೆ ಬರಬೇಡಿ. ಲಕ್ಕುಂಡಿಯ ಕಾಶೀವಿಶ್ವನಾಥ ಗುಡಿಯ ಕಂಬ ನೋಡಲು ಭಕ್ತಿ ಬೇಕಿಲ್ಲವಲ್ಲ? ಕಲೋನಿನ ಕ್ಯಾಥೆಡ್ರಲ್ 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿಯಿತು. ಗೋಪುರಕ್ಕೆ 533 ಮೆಟ್ಟಿಲು, ಲಿಫ್ಟ್ ಇಲ್ಲ. ಗಡಿಯಾಚೆ ನೆದರ್‌ಲ್ಯಾಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಹಳೆಯ ಡೊಮಿನಿಕನ್ ಚರ್ಚೊಂದು ಈಗ ಪುಸ್ತಕದಂಗಡಿ. ನಾಸ್ತಿಕರ ಯಾತ್ರಾಸ್ಥಳ ಎಂದು ಬೇಕಾದರೆ ಅದನ್ನೇ ಕರೆಯಿರಿ.

ಒಳಗಿನ ರೀತಿ ನಮ್ಮ ಗುಡಿಗೆ ತಿರುವುಮುರುವು. ಬೂಟು ಕಾಲಲ್ಲೇ ಇರಲಿ, ಗಂಡಸರು ಟೋಪಿ ತೆಗೆಯಬೇಕು. ಪೂಜೆ ನಡೆದಿದ್ದರೆ ಕ್ಯಾಮೆರಾ ಹಿಡಿದು ಓಡಾಡಬೇಡಿ. ಗೆಳೆಯರ ಮದುವೆಗೋ ಮಣ್ಣಿಗೋ ಕರೆದರೆ ಹಿಂದಿನ ಸಾಲಿನಲ್ಲಿ ಕೂಡಿ. ಎಲ್ಲರೂ ಎದ್ದಾಗ ಏಳಿ, ಮಂಡಿಯೂರುವುದು ಬೇಡ, ಪ್ರಾರ್ಥನೆಗೆ ತುಟಿ ಆಡಿಸುವುದೂ ಬೇಡ. ಕಾಣಿಕೆಯ ಚೀಲ ಬಂದರೆ ಎರಡು ಯೂರೋ ಹಾಕಬಹುದು, ಸುಮ್ಮನೆ ಪಕ್ಕಕ್ಕೆ ದಾಟಿಸಲೂಬಹುದು.

ಕ್ಯಾಥೊಲಿಕ್ ಪೂಜೆಯಲ್ಲಿ ಒಂದು ಗಳಿಗೆ ಮಾತ್ರ ಎಚ್ಚರ ಬೇಕು. ಪಾದ್ರಿ ತೆಳ್ಳನೆಯ ಬಿಳಿ ಬಿಲ್ಲೆಯನ್ನು ಎತ್ತಿ ಹಿಡಿಯುತ್ತಾರೆ, ಜನ ಸಾಲುಗಟ್ಟುತ್ತಾರೆ. ಪ್ರಸಾದಕ್ಕೆ ಬಲಗೈ ಬೊಗಸೆ ಮಾಡಿ ಬೆಳೆದವರು ತಾವೂ ಎದ್ದು ನಿಲ್ಲುತ್ತಾರೆ, ಬಿಲ್ಲೆ ಕೈಗೆ ಬಂದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಜೇಬಿಗೆ ಹಾಕುತ್ತಾರೆ. ಅವರ ಪಾಲಿಗೆ ಅದು ಕ್ರಿಸ್ತನ ದೇಹವೇ. ಜೇಬಿಗೆ ಹೋಯಿತೆಂದರೆ ದೊಡ್ಡ ಅಪಚಾರ. ನಮ್ಮಲ್ಲಿ ಪ್ರಸಾದ ಒಲ್ಲೆ ಎಂದರೆ ತಪ್ಪು, ಅಲ್ಲಿ ಸದಸ್ಯರಲ್ಲದವರು ತಗೊಂಡರೆ ತಪ್ಪು. ಕುರ್ಚಿಯಲ್ಲೇ ಕೂತಿರಿ, ಸಾಲಿನವರು ದಾಟಲು ಮೊಣಕಾಲು ಓರೆ ಮಾಡಿ ಜಾಗ ಕೊಡಿ.

ಭಾನುವಾರ ಕಿರಾಣಿ ಅಂಗಡಿ ಮುಚ್ಚಿರುತ್ತವೆ. 1919ರ ವೈಮಾರ್ ಸಂವಿಧಾನದ 139ನೇ ವಿಧಿ ಈಗಿನ ಸಂವಿಧಾನದೊಳಗೂ ಉಳಿದು ಈ ಬಿಡುವನ್ನು ಕಾಯುತ್ತಿದೆ. ಪಾದ್ರಿಗಳ ಜೊತೆ ಕಾರ್ಮಿಕ ಸಂಘಗಳೂ ಅದರ ಪರವಾಗಿವೆ, ಹಾಗಾಗಿ ನಾಸ್ತಿಕರು ಸಿಟ್ಟಾಗುವ ಮೊದಲು ಯೋಚಿಸುವುದು ಒಳ್ಳೆಯದು. ಹಾಲು, ಮೊಸರು, ಉಳ್ಳಾಗಡ್ಡಿ ಶನಿವಾರವೇ ತನ್ನಿ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿ ಇಲ್ಲವೆ ಪೆಟ್ರೋಲ್ ಬಂಕು, ತುಸು ದುಬಾರಿ. ಈಸ್ಟರ್ ವಾರ ಇನ್ನೂ ತ್ರಾಸು: ಶುಕ್ರವಾರ ಬಂದ್, ಶನಿವಾರ ತೆರೆದಿರುತ್ತದೆ, ಭಾನುವಾರ-ಸೋಮವಾರ ಮತ್ತೆ ಬಂದ್. ಡಿಸೆಂಬರ್ 24ರ ಮಧ್ಯಾಹ್ನಕ್ಕೇ ಬಾಗಿಲು ಬೀಳುತ್ತದೆ; 25, 26 ಎರಡೂ ರಜೆ. ಭಾನುವಾರ ಗೋಡೆಗೆ ಡ್ರಿಲ್ ಹಾಕಬೇಡಿ, ಖಾಲಿ ಬಾಟಲಿಗಳನ್ನು ಗಾಜಿನ ತೊಟ್ಟಿಗೆ ಎಸೆಯಬೇಡಿ. ದೋಸೆ ಹಿಟ್ಟು ರುಬ್ಬುವ ಮಿಕ್ಸರಿಗೆ ಯಾವ ದಿನವಾದರೂ ರಾತ್ರಿ 10 ಗಂಟೆಯೇ ಗಡುವು.

"ದೇವರನ್ನ ನಂಬಂಗಿಲ್ಲ ಅಂದ್ರ ದನದ ಮಾಂಸ ತಿಂತೀಯೇನು?" ಎಂಬ ಪ್ರಶ್ನೆ ಊರಲ್ಲೂ ಬರುತ್ತದೆ, ಅಲ್ಲೂ ಬರುತ್ತದೆ. ರೂಢಿಯಿಂದ ಶಾಕಾಹಾರಿ, ನಂಬಿಕೆಯಿಂದಲ್ಲ ಎಂದರೆ ಸಾಕು. ತಮ್ಮ ಮನೆಯಲ್ಲಿ ಕ್ರಿಸ್‌ಮಸ್ ಗಿಡ ನಿಲ್ಲಿಸುವ ಅಲ್ಲಿನ ನಾಸ್ತಿಕರಿಗೆ ಇದು ಬೇಗ ಅರ್ಥವಾಗುತ್ತದೆ. ಶಾಕಾಹಾರಿಗಳಾಗಿ ಉಳಿಯುವವರು ಪಾರ್ಮೆಜಾನ್ ಚೀಸ್ ಬಿಡಬೇಕು, ಅದನ್ನು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಅಂಟಂಟಾದ ಮಿಠಾಯಿಗಳಲ್ಲಿ ಜೆಲಟಿನ್ (ಪ್ರಾಣಿಗಳ ಚರ್ಮ-ಎಲುಬಿನಿಂದ ತೆಗೆದ ಅಂಟು) ಇದೆಯೇ ಎಂದು ಚೀಟಿ ಓದಿ.

ಇನ್ನು ಮನೆ ಹಿಡಿಯುವಾಗ ಕಿಟಕಿಯಿಂದ ಗೋಪುರ ಕಂಡರೆ ಅಲ್ಲೇ ಕನಿಷ್ಠ ಹದಿನೈದು ನಿಮಿಷ ನಿಲ್ಲಿ. ಎಷ್ಟೋ ಗಡಿಯಾರಗಳು ಕಾಲುಗಂಟೆಗೊಮ್ಮೆ ಬಾರಿಸುತ್ತವೆ. ಸಾಧ್ಯವಾದರೆ ಭಾನುವಾರ ಮುಂಜಾನೆ ಪೂಜೆಯ ಹೊತ್ತಿಗೆ ಆ ಓಣಿಗೆ ಹೋಗಿ ಕೇಳಿ. ಸಹಿ ಮಾಡಿದ ಮೇಲೆ ಗಂಟೆಯ ವಿರುದ್ಧ ದೂರು ಕೊಟ್ಟು ಗೆಲ್ಲುವುದು ಕಷ್ಟ, ನಿದ್ದೆ ಹಗುರ ಇದ್ದವರು ಅಂಗಳದ ಕಡೆ ಮಲಗುವ ಕೋಣೆ ಇರುವ ಮನೆಯನ್ನೇ ಹಿಡಿಯಲಿ.