ಪಕ್ಕದ ರಾಗಿ ಹೊಲಕ್ಕೆ ರೋ ಹೌಸ್ ಬರ್ತಿದೆಯಾ? ತಕರಾರು ಅರ್ಜಿ ಹಾಕೋದು ಹೀಗೆ

ಹೊಲಕ್ಕೆ ಮೊದಲು ಬರೋದು ಬಣ್ಣ ಬಳಿದ ಕಲ್ಲು, ಆಮೇಲೆ ಜೆಸಿಬಿ, ಆಮೇಲೆ ದೊಡ್ಡ ಕಮಾನಿನ ಗೇಟು. ನಮ್ಮ ಆನೇಕಲ್ ಕಡೆ ಜನ ಎಚ್ಚೆತ್ಕೊಳ್ಳೋದೇ ಗೇಟ್ ನಿಂತ ಮೇಲೆ, ಅಷ್ಟೊತ್ತಿಗೆ ಅರ್ಧ ಮನೆ ಬುಕ್ ಆಗಿರುತ್ತೆ, ಇನ್ನು ಪಂಚಾಯ್ತಿ ಮುಂದೆ ಕೂಗಾಡಿ ಏನು ಬಂತು. ಹಾಗಾಗಿ ಕಲ್ಲು ಕಂಡ ದಿನಾನೇ ಶುರು ಮಾಡಿ.

ಮೊದಲು ಸರ್ವೆ ನಂಬರ್. ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಂಡು ಆ ಹೊಲದ ಬದುವಿನ ಮೇಲೆ ನಿಂತ್ಕೊಳ್ಳಿ, ನಂಬರ್ ತಾನೇ ತೋರ್ಸುತ್ತೆ. ಆ ನಂಬರಿಂದ ಸರ್ಕಾರದ ಭೂ ದಾಖಲೆ ಸಿಗೋ 'ಭೂಮಿ' ವೆಬ್‌ಸೈಟಲ್ಲಿ ಪಹಣಿ ತೆಗೀರಿ, ಮಾಲೀಕರ ಹೆಸರು ನೋಡಿ ಸುಮ್ನಾಗ್ಬೇಡಿ, ವಿಸ್ತೀರ್ಣದ ಕಾಲಂನಲ್ಲಿ 'ಬ' ಖರಾಬು ಎಷ್ಟಿದೆ ನೋಡಿ. 'ಬ' ಖರಾಬು ಅಂದ್ರೆ ಹಳ್ಳ, ಬಂಡಿದಾರಿ, ಸ್ಮಶಾನ, ಹೀಗೆ ಊರಿಗೆ ಸೇರಿದ ಜಾಗ, ಅದನ್ನ ಯಾರೂ ಮಾರೋ ಹಂಗಿಲ್ಲ. ನಮ್ಮ ಪಕ್ಕದ ಹೊಲದಲ್ಲಿ ಹಂಗೆ ನಾಲ್ಕು ಗುಂಟೆ ಹಳ್ಳ ಇತ್ತು, ಬಿಲ್ಡರ್ ಬ್ರೋಷರಲ್ಲಿ ಅದೇ ಜಾಗದಲ್ಲಿ ನೀಲಿ ಈಜುಕೊಳ, ಕ್ಲಬ್ ಹೌಸು!

ಆಮೇಲೆ ಯೋಜನಾ ಪ್ರಾಧಿಕಾರದ ಆಫೀಸಿಗೆ ಹೋಗಿ ಮಾಸ್ಟರ್ ಪ್ಲಾನ್ ನಕ್ಷೆ ಕೇಳಿ, ಯಾವ ಜಾಗ ಯಾವ ಬಳಕೆಗೆ ಅಂತ ಬಣ್ಣದಲ್ಲಿ ತೋರ್ಸೋ ನಕ್ಷೆ ಅದು. ಹಳದಿ ಬಣ್ಣ ಇದ್ರೆ ವಸತಿ ವಲಯ, ಮನೆ ಬರೋದು ತಡೆಯೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ ನಾನು. ಹಸಿರು ಇದ್ರೆ ಕೃಷಿ ವಲಯ, ಅಲ್ಲಿ ಮನೆ ಕಟ್ಟೋಕೆ ಭೂ ಬಳಕೆ ಬದಲಾವಣೆ ಆಗ್ಬೇಕು, ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಪೇಪರಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಟೈಮ್ ಕೊಡ್ಬೇಕು. ಆಟ ಇರೋದೇ ಆ 15 ದಿನದಲ್ಲಿ. ಪ್ರಕಟಣೆ ಒಳಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರುತ್ತೆ, ಟೀ ಅಂಗಡೀಲಿ ಪೇಪರ್ ಪೂರ್ತಿ ಓದೋ ಹಿರಿಯರು ಒಬ್ರು ಇದ್ದೇ ಇರ್ತಾರಲ್ಲ, ಅವರಿಗೆ ಸರ್ವೆ ನಂಬರ್ ಬರೆದು ಕೊಟ್ಬಿಡಿ.

ಅರ್ಜೀಲಿ 'ನಮ್ಮ ಸಂಪೂರ್ಣ ವಿರೋಧವಿದೆ' ಅಂತ ಬರೆದ್ರೆ ಫೈಲಿಗೆ ಒಂದು ಹಾಳೆ ಜಾಸ್ತಿ ಆಗುತ್ತೆ ಅಷ್ಟೇ. ಬಂಡಿದಾರಿ ಎಷ್ಟು ಅಡಿ ಅಗಲ, ಅದರಲ್ಲಿ ಎಷ್ಟು ಮನೆ ಕಾರು ಓಡಾಡ್ಬೇಕು, ಊರಿನ ಬೋರ್‌ವೆಲ್ ಎಷ್ಟು ಅಡಿಗೆ ಇಳಿದಿದೆ, ಕೊಳಚೆ ನೀರು ಯಾವ ಕೆರೆಗೆ ಹೋಗುತ್ತೆ, ಇಂಥದನ್ನ ಅಳತೆ, ಫೋಟೋ ಸಮೇತ ಬರೀರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು ತಾರೀಖು ಹಾಕಿಸ್ಕೊಳ್ದೆ ಆಫೀಸಿಂದ ಕಾಲು ತೆಗೀಬೇಡಿ.

ಊರನ್ನ ಪುರಸಭೆಗೋ ಪಾಲಿಕೆಗೋ ಸೇರ್ಸೋದು ಬೇರೆ ವಿಷಯ, ಅದಕ್ಕೆ ಬೇರೆ ಕರಡು ಅಧಿಸೂಚನೆ, ಬೇರೆ ಆಕ್ಷೇಪಣೆ, ಎರಡೂ ಒಂದೇ ಅರ್ಜೀಲಿ ತುರುಕಿದ್ರೆ ಎರಡೂ ಕೆಡುತ್ತೆ. 'ಸಿಟಿಗೆ ಸೇರಿದ್ರೆ ಕಾವೇರಿ ನೀರು ಬರುತ್ತೆ' ಅಂತ ಹೇಳೋರು ಸಿಗ್ತಾರೆ. 2007ರಲ್ಲಿ ಬಿಬಿಎಂಪಿಗೆ 110 ಹಳ್ಳಿ ಸೇರಿಸಿದ್ರು, ಅವಕ್ಕೆ ಅಂತ ಮಾಡಿದ ಕಾವೇರಿ ನೀರಿನ ಐದನೇ ಹಂತದ ಯೋಜನೆ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರಲ್ಲಿ, ಲೆಕ್ಕ ನೀವೇ ಹಾಕಿ. ಹಾಗಾಗಿ ನೀರು, ಒಳಚರಂಡಿ ಯಾವಾಗ ಅಂತ ಬರವಣಿಗೇಲಿ ಕೇಳಿ, ಊರು ಪಟ್ಟಣ ಆದ್ಮೇಲೆ ಉದ್ಯೋಗ ಖಾತ್ರಿ ಕೆಲಸ ಸಿಗಲ್ಲ, ಅದನ್ನೂ ಸೇರ್ಸಿ.

ಉತ್ತರ ಬರ್ದೇ ಇದ್ರೆ ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಆದ್ರೆ ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಊರ ಕಥೆ ಪೂರ್ತಿ ಬರೆದ್ರೆ ವಾಪಸ್ ಬರುತ್ತೆ. ಜೊತೆಗೆ ಬಿಲ್ಡರ್‌ಗಳ ಮೇಲೆ ಕಣ್ಣಿಡೋ ಪ್ರಾಧಿಕಾರ ರೇರಾದ ವೆಬ್‌ಸೈಟ್ ನೋಡಿ, 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆ ಕಟ್ಟೋ ಪ್ರಾಜೆಕ್ಟ್ ನೋಂದಣಿ ಆಗಿರ್ಲೇಬೇಕು, ಮಂಜೂರಾದ ನಕ್ಷೆ ಅಲ್ಲೇ ಸಿಗುತ್ತೆ, ಪಹಣಿ ಪಕ್ಕ ಇಟ್ಟು ತಾಳೆ ನೋಡಿ.

ಇನ್ನೊಂದು, ಅರ್ಜಿಗೆ ಸೈನ್ ಹಾಕ್ಸೋಕೆ ಪಕ್ಕದ ಹಳೇ ಲೇಔಟಿಗೆ ಹೋದ್ರೆ ಸ್ವಲ್ಪ ಮುಜುಗರ ಆಗುತ್ತೆ, ಅವರ ಸೈಟೂ ಹತ್ತು ವರ್ಷದ ಹಿಂದೆ ಅವರೆಕಾಯಿ ಬೆಳೀತಿದ್ದ ಹೊಲಾನೇ ತಾನೆ. ಆದ್ರೂ ಹೋಗಿ, ಟ್ಯಾಂಕರ್ ಕಷ್ಟ ಅವರಷ್ಟು ಯಾರಿಗೂ ಗೊತ್ತಿಲ್ಲ.

ನಮ್ಮಲ್ಲಿ ಮನೆಗಳೇನೋ ಬಂದ್ವು. ನಾಲ್ಕು ಗುಂಟೆ ಹಳ್ಳ ಮಾತ್ರ ಸರ್ವೆಯರ್ ಬಂದು ಅಳೆದು ಬಿಡಿಸಿದ್ರು, ಈಜುಕೊಳ ಆಚೆ ಮೂಲೆಗೆ ಹೋಯ್ತು.