ಟರ್ಬೊ ವ್ಯಾಗನ್‌ಗೆ ವೀಲ್, ಟೈರ್ ಕೊಳ್ಳುವ ಮೊದಲು ಡಿಕ್ಕಿ ತುಂಬಿಸಿ ನೋಡಿ

ನಮ್ಮಲ್ಲಿ ಹೆಚ್ಚಿನವರು ವೀಲ್ ಆರಿಸುವುದು ಫೋಟೊ ನೋಡಿ. ನನ್ನ ವ್ಯಾಗನ್‌ಗೆ, ಅಂದರೆ ಸೂರು ಡಿಕ್ಕಿಯವರೆಗೂ ಚಾಚಿರುವ ಉದ್ದ ಕಾರಿಗೆ, ನಾನೂ ಹಾಗೇ ಮಾಡಿದ್ದೆ. ಚೆಂದದ 18 ಇಂಚಿನ ಅಲಾಯ್ ಹಾಕಿಸಿ, ಒಂದು ವಾರ ಒಬ್ಬನೇ ಓಡಿಸಿ ಖುಷಿಪಟ್ಟೆ. ಆಮೇಲೆ ಮನೆಮಂದಿಯೆಲ್ಲ ಹತ್ತಿ, ಡಿಕ್ಕಿಯಲ್ಲಿ ಸೂರು ಮುಟ್ಟುವಷ್ಟು ಸಾಮಾನು ಹೇರಿಕೊಂಡು ಹೊರಟ ದಿನ, ಪ್ರತಿ ಹಂಪ್ ದಾಟುವಾಗಲೂ ಹಿಂದಿನಿಂದ ಜರ್ ಅಂತ ಸದ್ದು. ಟೈರ್ ಹೋಗಿ ಫೆಂಡರ್‌ನ, ಅಂದರೆ ಚಕ್ರದ ಮೇಲಿನ ತಗಡಿನ, ಒಳ ಅಂಚಿಗೆ ಉಜ್ಜುತ್ತಿತ್ತು. ಕಾರು ಖಾಲಿ ಇದ್ದಾಗ ಅಲ್ಲಿ ಎರಡು ಬೆರಳು ತೂರುವಷ್ಟು ಜಾಗ ಇತ್ತು!

ವ್ಯಾಗನ್‌ನ ಫಜೀತಿಯೇ ಇದು. ಇವತ್ತು ಒಬ್ಬರು, ನಾಳೆ ಐದು ಜನ ಮತ್ತು ಅವರ ಪೆಟ್ಟಿಗೆಗಳು. ಅದರ ಮೇಲೆ ಟರ್ಬೊ ಬೇರೆ, ಅಂದರೆ ಇಂಜಿನ್‌ಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಸಾಧನ. ಈಗಿನ ಹೆಚ್ಚಿನ ಟರ್ಬೊಗಳಲ್ಲಿ ಇಂಜಿನ್ ಇನ್ನೂ ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ಇರುವಾಗಲೇ ಪೂರ್ತಿ ಎಳೆತ ಬಂದು ಟೈರ್ ಮೇಲೆ ಬೀಳುತ್ತದೆ. ಹಾಗಾಗಿ ಈ ಕಾರಿಗೆ ಟೈರಿನ ಅಳತೆ ಮೊದಲು ಆರಿಸಿ, ವೀಲ್ ಆಮೇಲೆ. ಅಂದಚೆಂದ ಕೊನೆಗೆ.

ಮೊದಲ ಹೆಜ್ಜೆ: ಬಾಗಿಲ ಬಳಿಯ ಸ್ಟಿಕರ್ ಓದಿ

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಒಂದು ಸ್ಟಿಕರ್ ಇರುತ್ತದೆ. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕಂಪನಿ ಒಪ್ಪಿದ ಸೈಜ್, ಗಾಳಿಯ ಲೆಕ್ಕ ಎಲ್ಲ ಅಲ್ಲೇ ಇದೆ.

ಸೈಜ್ ಹೀಗಿದೆ ಅಂದುಕೊಳ್ಳಿ: 225/45 ಆರ್17 94ಡಬ್ಲ್ಯು. 225 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ, ಅಗಲದ ಶೇ 45ರಷ್ಟು. ಆರ್ ಅಂದರೆ ರೇಡಿಯಲ್, 17 ರಿಮ್ಮಿನ ಇಂಚು. ಇಷ್ಟು ಎಲ್ಲರೂ ಓದುತ್ತಾರೆ. ಆಮೇಲಿನ 94 ಅನ್ನು ಯಾರೂ ನೋಡುವುದಿಲ್ಲ, ವ್ಯಾಗನ್‌ಗೆ ಬೇಕಾದದ್ದು ಅದೇ. ಒಂದು ಟೈರ್ ಎಷ್ಟು ಭಾರ ಹೊರಬಲ್ಲದು ಅನ್ನುವ ಗುರುತು ಅದು. 94 ಅಂದರೆ 670 ಕಿಲೊ, 91 ಅಂದರೆ 615 ಕಿಲೊ. ಒಂದೇ ಸೈಜಿನಲ್ಲಿ ಎರಡೂ ಸಿಗುತ್ತವೆ, ಪಕ್ಕಪಕ್ಕ ಇಟ್ಟರೆ ಗೊತ್ತೇ ಆಗುವುದಿಲ್ಲ. ಆದರೆ ಹಿಂದಿನ ಎರಡು ಟೈರ್ ಸೇರಿದರೆ 110 ಕಿಲೊ ವ್ಯತ್ಯಾಸ, ಅಂದರೆ ದಪ್ಪನೆಯ ಒಬ್ಬ ಮನುಷ್ಯ. ಸ್ಟಿಕರ್‌ನಲ್ಲಿ 94 ಇದ್ದರೆ ಅದಕ್ಕಿಂತ ಕಡಿಮೆಯದು ಬೇಡವೇ ಬೇಡ. ಟೈರ್ ಮೇಲೆ ಎಕ್ಸ್‌ಎಲ್ ಅಂತ ಇದ್ದರೆ ಅದು ಹೆಚ್ಚು ಭಾರಕ್ಕೆ ಮಾಡಿದ್ದು.

ಕೊನೆಯ ಅಕ್ಷರ ವೇಗದ ಮಿತಿ. ವಿ ಅಂದರೆ ಗಂಟೆಗೆ 240 ಕಿ.ಮೀ., ಡಬ್ಲ್ಯು 270. ಅಷ್ಟು ಜೋರಾಗಿ ಯಾರು ಹೋಗುತ್ತಾರೆ ಅಂತ ನೀವು ಕೇಳಬಹುದು. ಸರಿ, ಆದರೂ ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಇಳಿಯಬೇಡಿ. ಆ ಅಕ್ಷರ ಟೈರ್ ಎಷ್ಟು ಬಿಸಿ ತಡೆಯುತ್ತದೆ ಅನ್ನುವುದಕ್ಕೂ ಗುರುತು.

ಎರಡನೆಯದು: ಸುತ್ತಳತೆ ಕೆಡಿಸಬೇಡಿ

ರಿಮ್ ದೊಡ್ಡದಾದರೆ ಸೈಡ್‌ವಾಲ್ ಗಿಡ್ಡ ಆಗಬೇಕು, ಒಟ್ಟು ಎತ್ತರ ಹಾಗೇ ಉಳಿಯಬೇಕು. ಲೆಕ್ಕ ಸುಲಭ. ಇಂಚನ್ನು 25.4ರಿಂದ ಗುಣಿಸಿ, ಸೈಡ್‌ವಾಲ್‌ನ ಎರಡರಷ್ಟು ಕೂಡಿ. 205/55 ಆರ್16 ಸುಮಾರು 632 ಮಿ.ಮೀ., 225/45 ಆರ್17 ಸುಮಾರು 634, 225/40 ಆರ್18 ಸುಮಾರು 637. ಮೂರೂ ಹೆಚ್ಚುಕಡಿಮೆ ಒಂದೇ. ತೀರಾ ಎತ್ತರದ ಟೈರ್ ಹಾಕಿದರೆ ಸ್ಪೀಡೊಮೀಟರ್ ನಿಜಕ್ಕಿಂತ ಕಡಿಮೆ ತೋರಿಸುವ ಅಪಾಯ ಇದೆ.

ಆದರೆ ಸೈಡ್‌ವಾಲ್ ನೋಡಿ. 16ರಲ್ಲಿ 113 ಮಿ.ಮೀ. ರಬ್ಬರ್, 18ರಲ್ಲಿ ಬರೀ 90. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಇದೇ ರಬ್ಬರ್. ಅದು ಕಡಿಮೆ ಆದಷ್ಟೂ ಪೆಟ್ಟು ರಿಮ್ಮಿಗೆ ಹೋಗುತ್ತದೆ, ಭಾರ ಹೇರಿದ ಕಾರಿನಲ್ಲಿ ಇನ್ನೂ ಜಾಸ್ತಿ.

ಮೂರನೆಯದು: ಬ್ರೇಕ್ ಮುಚ್ಚುವ ಅತಿ ಚಿಕ್ಕ ಇಂಚು

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಬ್ರೇಕ್ ಮೇಲೆ ಕೂರುವ ಅತಿ ಚಿಕ್ಕ ರಿಮ್ ತೆಗೆದುಕೊಳ್ಳಿ, ಉಳಿದ ದುಡ್ಡನ್ನು ಟೈರಿಗೆ ಹಾಕಿ. 1994ರಲ್ಲಿ ಆಡಿ ಕಂಪನಿ ಪೋರ್ಷೆ ಜತೆ ಸೇರಿ ಆರ್‌ಎಸ್2 ಅವಂತ್ ಅಂತ ಒಂದು ಟರ್ಬೊ ವ್ಯಾಗನ್ ತಂದಿತು. 315 ಅಶ್ವಶಕ್ತಿ. ಅದರ ವೀಲ್ 17 ಇಂಚು, ಅಷ್ಟೇ. ಅದಕ್ಕೆ ಸಾಕಾದದ್ದು ಮಕ್ಕಳನ್ನು ಶಾಲೆಗೆ ಬಿಡುವ ನಮ್ಮ ಕಾರಿಗೆ ಯಾಕೆ ಸಾಕಾಗುವುದಿಲ್ಲ?

ಚಿಕ್ಕದು ಅಂತ ತೀರಾ ಇಳಿಯುವ ಹಾಗೂ ಇಲ್ಲ. ಟರ್ಬೊ ಮಾದರಿಗಳಿಗೆ ಮುಂದಿನ ಡಿಸ್ಕ್ ಸಾಮಾನ್ಯವಾಗಿ ದೊಡ್ಡದಿರುತ್ತದೆ, ಅದೇ ಕಾರಿನ ಸಾದಾ ಮಾದರಿಯ ವೀಲ್ ಕ್ಯಾಲಿಪರ್‌ಗೆ, ಅಂದರೆ ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗಕ್ಕೆ, ತಾಗಬಹುದು. ಇಂಚು ಸರಿ ಇದ್ದರೂ ಕಡ್ಡಿಗಳ ಬಾಗು ತಾಗುವುದುಂಟು. ಹಾಕಿ ಕೈಯಲ್ಲಿ ತಿರುಗಿಸಿ ನೋಡುವುದೇ ದಾರಿ.

ತೂಕವನ್ನೂ ಕೇಳಿ. ಒಂದೇ ಅಳತೆಯ ಎರಡು ವೀಲ್‌ಗಳ ನಡುವೆ ಎರಡು ಮೂರು ಕಿಲೊ ವ್ಯತ್ಯಾಸ ಇರಬಹುದು. ಇದು ಸ್ಪ್ರಿಂಗ್‌ನ ಕೆಳಗಿರುವ ಭಾರ, ಜತೆಗೆ ಸುತ್ತುವ ಭಾರ. ಫೋರ್ಜ್ ಮಾಡಿದ್ದು, ಅಂದರೆ ಲೋಹವನ್ನು ಒತ್ತಿ ರೂಪಿಸಿದ್ದು, ಹಗುರ ಮತ್ತು ಗಟ್ಟಿ, ಆದರೆ ದುಬಾರಿ. ಸಾದಾ ಎರಕದ್ದು ಅಗ್ಗ, ಭಾರ. ಫ್ಲೋ ಫಾರ್ಮಿಂಗ್ ಅನ್ನುವುದು, ಅಂದರೆ ಎರಕ ಹೊಯ್ದು ಅಂಚನ್ನು ಒತ್ತಿ ಹಿಗ್ಗಿಸಿದ್ದು, ಎರಡರ ನಡುವಿನದು, ನನಗೆ ಅದೇ ಹಿತ ಅನ್ನಿಸುತ್ತದೆ. ವೀಲಿನ ಹಿಂಬದಿಯಲ್ಲಿ ಅದು ಹೊರುವ ಭಾರ ಅಚ್ಚಾಗಿರುತ್ತದೆ. ಹಿಂದಿನ ಆಕ್ಸಲ್‌ನ ಮಿತಿ 1,200 ಕಿಲೊ ಆದರೆ ಒಂದೊಂದು ವೀಲ್ ಕನಿಷ್ಠ 600 ಹೊರಬೇಕು. ಅಂಕಿಯೇ ಇಲ್ಲದ ವೀಲ್ ಎಷ್ಟೇ ಚೆಂದ ಇದ್ದರೂ ಅಲ್ಲೇ ಬಿಟ್ಟು ಬನ್ನಿ.

ನಾಲ್ಕನೆಯದು: ಪಿಸಿಡಿ, ನಡುವಿನ ತೂತು, ಆಫ್‌ಸೆಟ್

ಹೆಚ್ಚಿನವರು ಎಡವುವುದು ಇಲ್ಲೇ. ಪಿಸಿಡಿ ಅಂದರೆ ಬೋಲ್ಟ್‌ಗಳು ಕೂರುವ ವೃತ್ತದ ಅಳತೆ. 5×112 ಅಂದರೆ 112 ಮಿ.ಮೀ. ವೃತ್ತದಲ್ಲಿ ಐದು ತೂತು. ಅದು ಹೊಂದಿದ ಮಾತ್ರಕ್ಕೆ ಮುಗಿಯಲಿಲ್ಲ. ಫೋಕ್ಸ್‌ವ್ಯಾಗನ್ ಪಸಾಟ್‌ಗೂ ಎಷ್ಟೋ ಮರ್ಸಿಡಿಸ್‌ಗಳಿಗೂ ಅದೇ 5×112, ಆದರೆ ನಡುವಿನ ತೂತು ಒಂದಕ್ಕೆ 57.1, ಇನ್ನೊಂದಕ್ಕೆ 66.6. ಮರ್ಸಿಡಿಸ್‌ನ ವೀಲ್ ತಂದು ಪಸಾಟ್‌ಗೆ ಹಾಕಿದರೆ ಸಡಿಲ ಕೂತು ಸ್ಟೀರಿಂಗ್ ನಡುಗುತ್ತದೆ, ನೀವು ಬ್ಯಾಲೆನ್ಸಿಂಗ್ ಮಾಡಿಸುತ್ತಲೇ ಇರುತ್ತೀರಿ. ನಡುವಿನ ಸಂದು ತುಂಬುವ ಬಳೆ, ಅಂದರೆ ಹಬ್ ರಿಂಗ್, ಬೇಕು. ಬೋಲ್ಟ್ ತಲೆಯ ಆಕಾರವನ್ನೂ ನೋಡಿ. ಕೆಲವಕ್ಕೆ ದುಂಡು ಸೀಟು, ಹೊರಗಡೆ ಕೊಂಡ ವೀಲ್‌ಗಳಲ್ಲಿ ಹೆಚ್ಚಾಗಿ ಶಂಕುವಿನಂಥದ್ದು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ಬಿಗಿದ ಹಾಗೆ ಕಾಣುತ್ತದೆ, ಬಿಗಿದಿರುವುದಿಲ್ಲ.

ಇನ್ನು ಆಫ್‌ಸೆಟ್, ವೀಲ್ ಮೇಲೆ ಇಟಿ ಅಂತ ಬರೆದಿರುವುದು. ಬೋಲ್ಟ್ ಕೂರುವ ಮುಖ ವೀಲಿನ ನಡುಗೆರೆಯಿಂದ ಎಷ್ಟು ಮಿ.ಮೀ. ದೂರ ಅನ್ನುವ ಅಂಕಿ ಅದು. ಅಂಕಿ ಕಡಿಮೆ ಆದಷ್ಟೂ ವೀಲ್ ಹೊರಗೆ ಬರುತ್ತದೆ. 7 ಇಂಚು ಅಗಲ, ಇಟಿ 50 ಇದ್ದ ಕಡೆ 8 ಇಂಚು, ಇಟಿ 45 ಹಾಕಿದಿರಿ ಅನ್ನಿ. ಅಗಲದ್ದು ಅರ್ಧ ಇಂಚು, ಅಂದರೆ 12.7, ಅದಕ್ಕೆ 5 ಸೇರಿ 17.7 ಮಿ.ಮೀ. ಹೊರಗೆ ಬಂತು. ಒಳಗಡೆ, ಶಾಕ್ ಅಬ್ಸಾರ್ಬರ್ ಕಡೆಗೆ, 7.7 ಸರಿಯಿತು. ನನ್ನ ಹಿಂದಿನ ಫೆಂಡರ್ ಉಜ್ಜಿದ್ದು ಇದೇ ಲೆಕ್ಕ ಹಾಕದೆ. ಅಂಗಡಿಯಲ್ಲಿ 'ಕೂರುತ್ತೆ ಸಾರ್' ಅಂದರು, ಕೂತಿತು ಕೂಡ!

ಮುಂದಿನ ಚಕ್ರ ಎಳೆಯುವ ಟರ್ಬೊ ಕಾರಿಗೆ ಇದರಲ್ಲಿ ಇನ್ನೊಂದು ಪೆಟ್ಟು ಇದೆ. ವೀಲ್ ಹೊರಗೆ ಬಂದಷ್ಟೂ ಇಂಜಿನ್ನಿನ ಎಳೆತ ಸ್ಟೀರಿಂಗನ್ನು ಹೆಚ್ಚು ಜಗ್ಗುತ್ತದೆ. ಓವರ್‌ಟೇಕ್ ಮಾಡಲು ಜೋರಾಗಿ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆದಂತಾಗುತ್ತದಲ್ವಾ, ಅದು ಜಾಸ್ತಿ ಆಗುತ್ತದೆ. ಐದು ಮಿ.ಮೀ. ಆಚೀಚೆ ಪರವಾಗಿಲ್ಲ, ಹದಿನೈದು ಬೇಡ.

ಐದನೆಯದು: ಈಗ ಟೈರ್

ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುವುದನ್ನು ಮೊದಲು ಹುಡುಕಿ. ಯುರೋಪಿನ ಲೇಬಲ್ ಇದ್ದರೆ ಒದ್ದೆ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಇರುತ್ತದೆ, ಎ ಒಳ್ಳೆಯದು. ಸದ್ದಿನ ಅಂಕಿಯೂ ಇರುತ್ತದೆ, ಅದನ್ನು ಕಡೆಗಣಿಸಬೇಡಿ. ವ್ಯಾಗನ್‌ನ ಡಿಕ್ಕಿ ತೆರೆದ ಕೋಣೆ ಇದ್ದ ಹಾಗೆ, ಹಿಂದಿನ ಟೈರಿನ ಗುಂಯ್ ಸದ್ದು ನೇರ ಒಳಗೆ ಬರುತ್ತದೆ. ಹಿಮ ಬೀಳುವ ಊರಾದರೆ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತು ಇರುವುದನ್ನೇ ಕೊಳ್ಳಿ.

ತಯಾರಾದ ದಿನ ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2423 ಇದ್ದರೆ 2023ರ 24ನೇ ವಾರದ್ದು.

ನಾಲ್ಕೂ ಚಕ್ರ ಎಳೆಯುವ ಕಾರಾದರೆ ನಾಲ್ಕೂ ಟೈರ್ ಒಟ್ಟಿಗೆ ಹಾಕಿಸಿ. ಹೊಸದರ ಗೀರಿನ ಆಳ ಸುಮಾರು 8 ಮಿ.ಮೀ., ಅರ್ಧ ಸವೆದದ್ದು 4 ಅಂದರೆ ಸುತ್ತಳತೆಯಲ್ಲಿ 25 ಮಿ.ಮೀ. ವ್ಯತ್ಯಾಸ. ನೇರ ರಸ್ತೆಯಲ್ಲೂ ಮುಂದಿನದು, ಹಿಂದಿನದು ಬೇರೆ ಬೇರೆ ವೇಗದಲ್ಲಿ ಸುತ್ತಿ, ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ನಡುವಿನ ಕಪ್ಲಿಂಗ್ ಸುಮ್ನೆ ಬಿಸಿಯಾಗುತ್ತಾ ಸವೆಯುತ್ತದೆ. ಎರಡು ಚಕ್ರ ಎಳೆಯುವ ಕಾರಿಗೆ ಎರಡೇ ಹೊಸತು ಹಾಕುವುದಾದರೆ ಹಿಂದಕ್ಕೆ ಹಾಕಿ. ಮುಂದಿನದು ಜಾರಿದರೆ ಗೊತ್ತಾಗುತ್ತದೆ, ಹಿಂದಿನದು ಜಾರಿದರೆ ಕಾರು ತಿರುಗಿಯೇ ಬಿಡುತ್ತದೆ.

ಕೊನೆಗೆ: ಹಾಕುವಾಗ

ದುಡ್ಡು ಕೊಡುವ ಮೊದಲು ಮುಂದೆ ಒಂದು, ಹಿಂದೆ ಒಂದು ಹಾಕಿಸಿ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಇಬ್ಬರನ್ನು ಕೂರಿಸಿ, ನಗಲಿ ಬಿಡಿ, ಫೆಂಡರ್‌ಗೆ ಎಷ್ಟು ಜಾಗ ಉಳಿಯಿತು ನೋಡಿ. ಎಷ್ಟು ಬಿಗಿಯಿತು ಅಂತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬೋಲ್ಟ್ ಬಿಗಿಸಿ, 50ರಿಂದ 100 ಕಿಲೊಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿ. ಗಾಳಿಗೆ ಸ್ಟಿಕರ್‌ನಲ್ಲಿ ಎರಡು ಅಂಕಿ ಇರುತ್ತದೆ, ಖಾಲಿ ಕಾರಿಗೆ ಒಂದು, ತುಂಬಿದ್ದಕ್ಕೆ ಒಂದು. ದೂರ ಹೊರಡುವ ಬೆಳಿಗ್ಗೆ ಎರಡನೆಯದು ಹಾಕಿಸಿ.

ಹೊಸ ವೀಲ್‌ಗೆ ಬೇರೆ ಬೋಲ್ಟ್ ಬಂದಿದ್ದರೆ, ಹಳೆಯ ಐದು ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಸ್ಟೆಪ್ನಿ ಪಕ್ಕ ಇಟ್ಟಿರಿ. ಸ್ಟೆಪ್ನಿ ಕಂಪನಿಯದ್ದು, ಹೊಸ ಬೋಲ್ಟ್ ಅದಕ್ಕೆ ಕೂರದೇ ಇರಬಹುದು, ಇದು ಗೊತ್ತಾಗುವುದು ಪಂಕ್ಚರ್ ಆದ ರಾತ್ರಿಯೇ.