ಕಿಡ್ನಿ ಹರಳಿನ ತೊಂದರೆ ಇರುವವರು ಲಿಂಬೆ ಶರಬತ್ತಿಗೆ ಉಪ್ಪು ಸುರಿಯಬೇಡಿ
ನಮ್ಮ ವಿಜಯಪುರದ ಬಿಸಿಲಿಗೆ ಕುಡಿದ ನೀರೆಲ್ಲ ಬೆವರಾಗಿ ಹೋಗುತ್ತದೆ, ಮೂತ್ರ ಕಡಿಮೆಯಾಗಿ ಹಳದಿಯಾಗುತ್ತದೆ, ಹರಳು ಕೂಡುವುದು ಆಗಲೇ. ಆದರೆ ಅದನ್ನು ತಡೆಯುವ ಅಂಶಗಳೂ ಮೂತ್ರದಲ್ಲೇ ಇವೆ. ಮುಖ್ಯವಾದದ್ದು ಸಿಟ್ರೇಟ್. ಇದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಆಕ್ಸಲೇಟ್ ಎಂಬ ಅಂಶದ ಜೊತೆ ಸೇರಿ ಹರಳಾಗಲು ಬಿಡುವುದಿಲ್ಲ, ಹುಟ್ಟಿದ ಸಣ್ಣ ಹರಳೂ ಬೇಗ ಬೆಳೆಯದಂತೆ ತಡೆಯುತ್ತದೆ. ಮೆಗ್ನೀಸಿಯಂ ಕೂಡ ಸ್ವಲ್ಪ ಕೈ ಜೋಡಿಸುತ್ತದೆ.

ಸಿಟ್ರೇಟ್‌ಗೆ ನಮ್ಮ ಜಿಲ್ಲೆಯ ಇಂಡಿ ಲಿಂಬೆ ಇದೆಯಲ್ವಾ, ನೀರಿಗೆ ಹಿಂಡಿ ಕುಡಿಯಿರಿ, ಉಪ್ಪು ಮಾತ್ರ ಬೇಡ, ಯಾಕಂದ್ರೆ ಉಪ್ಪು ಜಾಸ್ತಿಯಾದರೆ ಮೂತ್ರಕ್ಕೆ ಕ್ಯಾಲ್ಸಿಯಂ ಜಾಸ್ತಿ ಬರುತ್ತದೆ. ದಿನಕ್ಕೆ 2.5 ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು. ಕ್ಯಾಲ್ಸಿಯಂ ಇದೆ ಅಂತ ಸುಮ್ನೆ ಹೆದರಿ ಹಾಲು ಮೊಸರು ಬಿಡಬೇಡಿ. ಆಗಲೇ ದೊಡ್ಡದಾದ ಹರಳು ಲಿಂಬೆ ನೀರಿಗೆ ಕರಗುವುದಿಲ್ಲ. ನೋವು, ಜ್ವರ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.